ಬೀಗ ಅವರದು, ಸೂರು ನಮ್ಮದು

ಮೂವತ್ತೆರಡು ವರ್ಷಗಳ ಕಾಲ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಹುಡುಗರ ಬಾಯಲ್ಲಿ ಹೇಳಿಸಿ ನಿವೃತ್ತರಾದ ನಾವು, ಈಗ ಪರರ ಮಂಚ, ಮೇಜು, ಬೀರುಗಳನ್ನು ಕಾಯುತ್ತ ಕುಳಿತಿದ್ದೇವೆಂದು ಹೇಳಿದರೆ ವಾಚಕರಲ್ಲಿ ಕೆಲವರಿಗಾದರೂ ನಗೆ ಬಂದೀತು. ನಮ್ಮ ಹಳೆಯ ಶಿಷ್ಯನೊಬ್ಬನು ಒಂದು ದಿನ ದಾರಿಯಲ್ಲಿ ಫಲಕವನ್ನು ನೋಡಿ ಒಳಕ್ಕೆ ಬಂದು, "ಇದೇನು ಮೇಷ್ಟ್ರೇ, ಉಗ್ರಾಣದ ಪಾರುಪತ್ಯಗಾರರಾಗಿಬಿಟ್ಟಿರಿ!" ಎಂದು ನಕ್ಕುದುಂಟು. ನಾವೂ ನಕ್ಕೆವು. ಆದರೆ ಪಾಠ ಹೇಳುತ್ತಿದ್ದಾಗ ಕಲಿಯದೆ ಉಳಿದಿದ್ದ ಒಂದು ಪಾಠವನ್ನು ಈ ಉಗ್ರಾಣದಲ್ಲಿ ಕಲಿತೆವಾದುದರಿಂದ, ಅದನ್ನು ಗೃಹಸ್ಥರಾದ ವಾಚಕರ ಮುಂದೆ ಇಡಬೇಕೆಂದು ತೋರಿತು. ಇಂಥ ವ್ಯವಹಾರವನ್ನು ಹೂಡಬೇಕೆಂದಿರುವವರಿಗೂ, ಇಂಥಲ್ಲಿ ತಮ್ಮ ಸಾಮಾನನ್ನು ಇಡಬೇಕೆಂದಿರುವವರಿಗೂ ಇದರಿಂದ ಕಿಂಚಿತ್ ಪ್ರಯೋಜನವಾದರೆ ನಮ್ಮ ಶ್ರಮವು ಸಾರ್ಥಕ.

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ನಮ್ಮ ಮಾವನವರದೊಂದು ಅಕ್ಕಿಯ ಗಿರಣಿ ಇದ್ದಿತು. ಅವರ ಕಾಲಾನಂತರ ಅದು ನಿಂತುಹೋಗಿ, ಯಂತ್ರಗಳು ಮಾರಾಟವಾಗಿ, ಕಟ್ಟಡ ಮಾತ್ರ ನಮ್ಮ ಮನೆಯಾಕೆಯ ಪಾಲಿಗೆ ಬಂದಿತ್ತು. ಅರುವತ್ತಡಿ ಉದ್ದ, ನಲವತ್ತಡಿ ಅಗಲದ ಒಂದೇ ಅಂಕಣ, ಎತ್ತರವಾದ ಗೋಡೆ, ಮೇಲೆ ಮಂಗಳೂರು ಹೆಂಚು. 2022ರ ಮೇ ತಿಂಗಳಲ್ಲಿ ನಾವು ನಿವೃತ್ತರಾದಾಗ ಅದನ್ನು ಮಾರಿಬಿಡಿರೆಂದು ಹೇಳಿದವರೇ ಹೆಚ್ಚು. ಅದೇ ಸಮಯಕ್ಕೆ ಬೆಂಗಳೂರಿನಲ್ಲಿದ್ದ ನಮ್ಮ ಸೋದರಳಿಯನು, ಉದ್ಯೋಗನಿಮಿತ್ತವಾಗಿ ಎರಡು ವರ್ಷ ಪರದೇಶಕ್ಕೆ ಹೋಗಬೇಕಾಗಿ ಬಂದು, ತನ್ನ ಸಂಸಾರದ ಸಾಮಾನೆಲ್ಲವನ್ನೂ ಬಾಡಿಗೆಯ ಒಂದು ಕೋಣೆಯಲ್ಲಿಟ್ಟು, ಬೀಗ ಹಾಕಿ, ಕೀಲಿಕೈಯನ್ನು ನಮ್ಮ ಕೈಗೆ ಕೊಟ್ಟುಹೋದನು. "ಮನೆಯ ಬಾಡಿಗೆಯೂ ಉಳಿಯಿತು, ಸಾಮಾನೂ ಉಳಿಯಿತು" ಎಂದು ಅವನು ಹೇಳಿದ ಮಾತು ನಮ್ಮ ಕಿವಿಯಲ್ಲಿ ನಿಂತಿತು.

ಈ ಪದ್ಧತಿಗೆ ಸೆಲ್ಫ್ ಸ್ಟೋರೇಜ್ ಎಂದು ಹೆಸರು. ಒಂದು ದೊಡ್ಡ ಕಟ್ಟಡವನ್ನು ಸಣ್ಣ ದೊಡ್ಡ ಕೋಣೆಗಳಾಗಿ ವಿಭಾಗಿಸಿ ತಿಂಗಳ ಬಾಡಿಗೆಗೆ ಕೊಡುವುದು. ಬಾಡಿಗೆಗೆ ಹಿಡಿದವನು ತನ್ನ ಸಾಮಾನನ್ನು ತಾನೇ ಇಟ್ಟು, ತನ್ನ ಬೀಗವನ್ನು ತಾನೇ ಹಾಕಿಕೊಂಡು ಹೋಗುವುದು. ಬೇಕಾದಾಗ ಬಂದು ತೆಗೆದುಕೊಳ್ಳುವುದು. ಅಮೆರಿಕದ ಟೆಕ್ಸಸ್ ಸೀಮೆಯಲ್ಲಿ 1960ರ ದಶಕದಲ್ಲಿ ಇದು ಈಗಿನ ರೂಪವನ್ನು ತಾಳಿತು. 1972ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಪಬ್ಲಿಕ್ ಸ್ಟೋರೇಜ್ ಎಂಬ ಸಂಸ್ಥೆಯು ಅಲ್ಲಿ ಊರೂರಿಗೂ ಹಬ್ಬಿದೆ. ನಮ್ಮಲ್ಲಿ ಇಂಥ ಕೋಣೆಗಳು ಏತಕ್ಕೆ ಬೇಕು ಎಂದು ಕೇಳುವವರು ಮೈಸೂರಿನ ಅಗ್ರಹಾರದ ಬೀದಿಗಳಲ್ಲಿ ಒಂದು ಸಾರಿ ನಡೆದು ಬರಬೇಕು. ಹಿರಿಯರು ಬಾಳಿದ ಮನೆಗಳು ಒಂದೊಂದಾಗಿ ಉರುಳಿ ಮೂರಂತಸ್ತಿನ ಕಟ್ಟಡಗಳಾಗುತ್ತಿವೆ. ಮಕ್ಕಳು ದೂರದೇಶಗಳಲ್ಲಿದ್ದಾರೆ. ತಂದೆತಾಯಿಗಳ ಕಾಲದ ಮಂಚ, ಹಂಡೆ, ಪುಸ್ತಕದ ಬೀರುಗಳನ್ನು ಕೊಂಡೊಯ್ಯಲೂ ಆಗದು, ಗುಜರಿಯವನಿಗೆ ಹಾಕಲೂ ಮನಸ್ಸು ಬಾರದು. ವರ್ಗವಾಗಿ ಹೋಗುವ ನೌಕರರು, ರಜೆಗೆ ಊರಿಗೆ ತೆರಳುವ ವಿದ್ಯಾರ್ಥಿಗಳು, ಮನೆಯ ರಿಪೇರಿಗೆ ತೊಡಗಿದವರು, ಇವರೆಲ್ಲರಿಗೂ ಕೆಲವು ಕಾಲ ಒಂದು ನೆಲೆ ಬೇಕು.

ನಿವೃತ್ತಿಯಲ್ಲಿ ಬಂದ ಹಣದಲ್ಲಿ ಹನ್ನೊಂದು ಲಕ್ಷ ರೂಪಾಯಿಗಳನ್ನು ಇದಕ್ಕೆಂದು ತೆಗೆದಿಟ್ಟೆವು. ಎಂಟಡಿಯ ಎತ್ತರಕ್ಕೆ ಇಟ್ಟಿಗೆಯ ಅಡ್ಡಗೋಡೆಗಳನ್ನೆಬ್ಬಿಸಿ, ಅದರ ಮೇಲೆ ತಂತಿಯ ಬಲೆ ಬಿಗಿದು, ಇಪ್ಪತ್ತೆರಡು ಕೋಣೆಗಳನ್ನು ಮಾಡಿಸಿದೆವು: ಹತ್ತಡಿ ಚದರದವು ನಾಲ್ಕು, ಎಂಟಡಿ ಚದರದವು ಆರು, ಐದಡಿಗೆ ಎಂಟಡಿಯವು ಹನ್ನೆರಡು. ನಡುವೆ ಕೈಗಾಡಿ ಹೊರಳುವಷ್ಟು ಓಣಿ. ಚಿಕ್ಕ ಕೋಣೆಗೆ ತಿಂಗಳಿಗೆ 1,600 ರೂಪಾಯಿ, ನಡುವಣದಕ್ಕೆ 2,500, ದೊಡ್ಡದಕ್ಕೆ 3,800 ಎಂದು ಗೊತ್ತುಮಾಡಿದೆವು. ರಾತ್ರಿ ಕಾವಲುಗಾರನ ಸಂಬಳ, ವಿದ್ಯುತ್ತು, ಕಟ್ಟಡದ ವಿಮೆ, ಕಂದಾಯ, ಇವೆಲ್ಲ ಕಳೆಯಬೇಕಾದರೆ ಹತ್ತು ಹನ್ನೊಂದು ಕೋಣೆಗಳಾದರೂ ಸದಾ ತುಂಬಿರಬೇಕೆಂದು ಲೆಕ್ಕ ಹೊರಟಿತು. ವರ್ಷದ ವರಮಾನವು 20 ಲಕ್ಷವನ್ನು ಮುಟ್ಟುವ ಸಂಭವವೇ ಇರಲಿಲ್ಲವಾಗಿ ಜಿ.ಎಸ್.ಟಿ. ನೋಂದಣಿಯ ತೊಡಕು ನಮಗೆ ಬರಲಿಲ್ಲ. ಆ ಮಿತಿಯನ್ನು ದಾಟುವವರು ನೂರಕ್ಕೆ ಹದಿನೆಂಟರಂತೆ ತೆರಿಗೆಯನ್ನು ಲೆಕ್ಕದಲ್ಲಿ ಹಿಡಿಯಬೇಕು.

ಇಲ್ಲಿಯೇ ನಾವೊಂದು ಬುದ್ಧಿವಂತಿಕೆ ಮಾಡಿದೆವು. ಹೆಂಚಿನ ಸೂರಿನಲ್ಲಿ ಅಲ್ಲಲ್ಲಿ ಸೋರಿಕೆಯಿತ್ತು, ಇಲಿಗಳು ಸಂಚರಿಸುತ್ತಿದ್ದವು, ಹೆಂಚನ್ನು ಸರಿಸಿ ಕಳ್ಳನು ಇಳಿಯುವುದೂ ಸುಲಭ. ಆದುದರಿಂದ ಹೆಂಚನ್ನೆಲ್ಲ ಇಳಿಸಿ, ಜಿ.ಐ. ತಗಡನ್ನು ಹೊದಿಸಿಬಿಟ್ಟೆವು. ಗಿರಣಿಯಲ್ಲಿ ಹಿಂದೆ ಕೆಲಸಕ್ಕಿದ್ದ ಮುದುಕನೊಬ್ಬನು ಅಂದು ಹೆಂಚಿಳಿಸುವುದನ್ನು ನೋಡುತ್ತ ನಿಂತಿದ್ದು, "ಹೆಂಚು ತೆಗೆಸಬೇಡಿ ಸ್ವಾಮಿ, ಬೇಸಿಗೇಲಿ ತಗಡಿನ ಕೆಳಗೆ ಕೂರೋಕಾಗಲ್ಲ" ಎಂದನು. "ಇಲ್ಲಿ ಕೂರುವವರು ಯಾರಪ್ಪ? ಮಂಚ ಮೇಜಿಗೆ ಸೆಕೆಯಾಗುತ್ತದೆಯೆ?" ಎಂದು ನಾವು ಹಾಸ್ಯ ಮಾಡಿದೆವು. ಅವನು ಸುಮ್ಮನಾದನು. ಈ ಮಾತನ್ನು ವಾಚಕರು ಜ್ಞಾಪಕದಲ್ಲಿಡಬೇಕೆಂದು ಪ್ರಾರ್ಥನೆ.

ಉಳಿದ ವಿಷಯಗಳಲ್ಲಿ ನಾವು ಅಜಾಗರೂಕರಾಗಿರಲಿಲ್ಲ. ಗೆದ್ದಲಿಗೆ ನೆಲದಲ್ಲಿ ಔಷಧಿ ಹಾಕಿಸಿದೆವು. ಯಾವ ಸಾಮಾನೂ ನೆಲವನ್ನು ಮುಟ್ಟಬಾರದೆಂದು ಕೋಣೆಗೆರಡರಂತೆ ಮರದ ಅಡ್ಡಹಲಗೆಯ ಮಣೆಗಳನ್ನು ಹಾಕಿಸಿದೆವು. ಗೋಡೆಗೂ ಸಾಮಾನಿಗೂ ಗೇಣುದ್ದ ಅಂತರವಿರಬೇಕೆಂಬ ನಿಯಮ ಮಾಡಿದೆವು. ಗ್ಯಾಸ್ ಸಿಲಿಂಡರು, ಪೆಟ್ರೋಲು, ಪಟಾಕಿ, ದವಸಧಾನ್ಯ, ಉಪ್ಪಿನಕಾಯಿಯ ಜಾಡಿ, ಇವುಗಳಿಗೆ ಪ್ರವೇಶವಿಲ್ಲವೆಂದು ದಪ್ಪಕ್ಷರಗಳಲ್ಲಿ ಬರೆಯಿಸಿ ಬಾಗಿಲಿಗೆ ತೂಗುಹಾಕಿದೆವು. ಒಡವೆ, ನಗದು, ಆಸ್ತಿಪತ್ರಗಳನ್ನು ಬ್ಯಾಂಕಿನ ಲಾಕರಿನಲ್ಲಿಡಿರೆಂದು ಬಂದವರಿಗೆಲ್ಲ ಹೇಳುತ್ತಿದ್ದೆವು. ಬೆಂಕಿ ನಂದಿಸುವ ಸಾಧನಗಳು ನಾಲ್ಕು. ಓಣಿಯನ್ನು ನೋಡುವ ಕ್ಯಾಮರಾಗಳು ನಾಲ್ಕು. 2022ರ ವಿಜಯದಶಮಿಯ ದಿನ ಪೂಜೆ ಮಾಡಿ ಬಾಗಿಲು ತೆರೆದೆವು.

ಕರಾರುಪತ್ರವನ್ನು ಬರೆದುಕೊಟ್ಟವರು ನಮ್ಮ ಬೀದಿಯ ವಕೀಲರು. ಅವರು ಹೇಳಿದ ಸೂಕ್ಷ್ಮವು ಗಮನಾರ್ಹವಾದುದು. ಒಬ್ಬನ ವಸ್ತುವನ್ನು ಇನ್ನೊಬ್ಬನು ತನ್ನ ವಶಕ್ಕೆ ತೆಗೆದುಕೊಂಡು ಕಾಪಾಡಿ ಹಿಂದಿರುಗಿಸುವುದಾದರೆ, 1872ನೆಯ ಇಸವಿಯ ಕರಾರು ಕಾಯಿದೆಯ 148ನೆಯ ಕಲಮಿನಂತೆ ಅದು ನಿಕ್ಷೇಪವಾಗುತ್ತದೆ. ಆಗ ಸಾಧಾರಣ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುವನೋ ಅಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳತಕ್ಕದ್ದೆಂದು 151ನೆಯ ಕಲಮು ವಿಧಿಸುತ್ತದೆ. "ಆದರೆ ನೀವು ವಸ್ತುವನ್ನು ವಶಕ್ಕೆ ತೆಗೆದುಕೊಳ್ಳುವುದೇ ಇಲ್ಲವಲ್ಲ ಮೇಷ್ಟ್ರೇ! ಬೀಗ ಅವರದು, ಕೀಲಿ ಅವರದು. ಜಾಗವನ್ನು ಉಪಯೋಗಿಸಿಕೊಳ್ಳುವುದಕ್ಕೆ ಅನುಮತಿ ಮಾತ್ರ ನಿಮ್ಮದು. ಒಳಗಿರುವುದಕ್ಕೆ ನೀವು ಹೊಣೆಯಲ್ಲವೆಂದು ಬರೆಯುತ್ತೇನೆ" ಎಂದು ಅವರು ಆರನೆಯ ಕಲಮಿನಲ್ಲಿ ಹಾಗೆಯೇ ಬರೆದರು. ನಾವು ಮನಸಾ ಸಂತೋಷಪಟ್ಟೆವು.

ಸಂತೋಷಕ್ಕೆ ಇನ್ನೊಂದು ಕಾರಣವೂ ಇದ್ದಿತು. ಈ ವ್ಯವಹಾರವು ಅಮೆರಿಕದವರ ಹೊಸ ಕಲ್ಪನೆಯೆಂದು ಜನ ಹೇಳುತ್ತಾರಷ್ಟೆ. ಮನುವು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ಸಾಲದ ಮರುಕ್ಷಣವೇ ನಿಕ್ಷೇಪವನ್ನು ಹೇಳಿದ್ದಾನೆ. 1909ರಲ್ಲಿ ನಮ್ಮ ಮೈಸೂರಿನಿಂದಲೇ ಶಾಮಶಾಸ್ತ್ರಿಗಳು ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಪ್ರಕರಣವೇ ಇದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ನಮ್ಮ ಕನ್ನಡ ನಾಡಿನಲ್ಲಿಯೇ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇದನ್ನು ವಿಸ್ತರಿಸಿದ್ದಾನೆ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಮತ್ತೊಬ್ಬರ ಕೈಗೆ ಒಪ್ಪಿಸಿದ ದ್ರವ್ಯಕ್ಕೆ ಉಪನಿಧಿಯೆಂದು ಹೆಸರು. ಇಟ್ಟುದು ಹೇಗಿತ್ತೋ ಹಾಗೆಯೇ ಅದನ್ನು ಮರಳಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಮಾತ್ರ ದೋಷವಿಲ್ಲ. ಕೋಣೆ ಹಿಡಿಯಲು ಬಂದವರ ಮುಂದೆ ಈ ಪಾಂಡಿತ್ಯವನ್ನೆಲ್ಲ ಬಿಚ್ಚುತ್ತಿದ್ದೆವು. ಕೇಳಿದವರಿಗೆ ನಮ್ಮಲ್ಲಿ ವಿಶ್ವಾಸ ಹುಟ್ಟುತ್ತಿತ್ತು. ಬಾಯಲ್ಲಿ ವಿಜ್ಞಾನೇಶ್ವರ, ಕಾಗದದಲ್ಲಿ ಆರನೆಯ ಕಲಮು. ಈ ಎರಡಕ್ಕೂ ಇರುವ ದೂರವು ಆಗ ನಮಗೆ ಕಾಣಲಿಲ್ಲ.

ಬಾಡಿಗೆ ನಿಲ್ಲಿಸಿದವರ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ವ್ಯವಹಾರ ಹೂಡುವವರಿಗೆ ಇದು ಅವಶ್ಯಕ. ಒಬ್ಬ ತರುಣನು ನಾಲ್ಕು ತಿಂಗಳು ಕೊಟ್ಟು ಆಮೇಲೆ ಮೌನವಹಿಸಿದನು. ಫೋನಿಗೆ ಉತ್ತರವಿಲ್ಲ. ಬೀಗ ಒಡೆದು ಸಾಮಾನು ಮಾರಿಕೊಳ್ಳಿರೆಂದು ಹೇಳಿದವರಿದ್ದರು. ವಕೀಲರು ತಡೆದರು. ಬಾಕಿಗಾಗಿ ಕೈಯಲ್ಲಿರುವ ವಸ್ತುವನ್ನೆಲ್ಲ ಹಿಡಿದಿಟ್ಟುಕೊಳ್ಳುವ ಸಾಮಾನ್ಯ ಹಕ್ಕನ್ನು ಅದೇ ಕಾಯಿದೆಯ 171ನೆಯ ಕಲಮು ಬ್ಯಾಂಕಿನವರೇ ಮೊದಲಾದ ಕೆಲವರಿಗೆ ಮಾತ್ರ ಕೊಟ್ಟಿದೆ. ಮಿಕ್ಕವರು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಿಸಿಕೊಂಡಿರಬೇಕು. ಪುಣ್ಯವಶಾತ್ ನಮ್ಮ ಪತ್ರದಲ್ಲಿ ಅದಿದ್ದಿತು. ಎರಡು ನೋಟೀಸು ಕೊಟ್ಟು, ಅವಧಿ ಕಳೆದ ಮೇಲೆ, ಇಬ್ಬರು ಸಾಕ್ಷಿಗಳ ಮುಂದೆ ಪಟ್ಟಿ ಬರೆಯುತ್ತ ಬೀಗವನ್ನು ಕೊಯ್ಯಿಸಿದೆವು. ಒಳಗೆ ದೊರೆತದ್ದು ಮುರಿದ ಎರಡು ಕುರ್ಚಿ, ಒಂದು ಹಳೆಯ ಹಾಸಿಗೆ, ಮೂರು ಚೀಲ ರದ್ದಿ ಕಾಗದ. ಅದನ್ನು ಸಾಗಿಸಲು ಕೂಲಿಯನ್ನು ನಾವೇ ಕೊಡಬೇಕಾಯಿತು! ಅಂದಿನಿಂದ ಮೂರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುತ್ತೇವೆ. ಊರಿನಲ್ಲಿರುವ ಬಂಧುವೊಬ್ಬರ ವಿಳಾಸವನ್ನೂ ಬರೆಸಿಕೊಳ್ಳುತ್ತೇವೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ.

2023ರ ಜನವರಿಯಲ್ಲಿ ಸುಮಾರು ಐವತ್ತರ ವಯಸ್ಸಿನ ಮಹಿಳೆಯೊಬ್ಬರು ಬಂದರು. ಅವರ ತಾಯಿ ಆರು ತಿಂಗಳ ಹಿಂದೆ ತೀರಿಕೊಂಡಿದ್ದರು. ಅಗ್ರಹಾರದ ಮನೆ ಮಾರಾಟವಾಗಿತ್ತು. ತಾವಿರುವುದು ಪುಣೆಯಲ್ಲಿ, ಚಿಕ್ಕ ಮನೆ. ಮುಂದಿನ ವರ್ಷ ದೊಡ್ಡ ಮನೆಗೆ ಹೋದಮೇಲೆ ಎಲ್ಲವನ್ನೂ ಒಯ್ಯುವುದಾಗಿ ಹೇಳಿದರು. ಸಾಮಾನು ಬಹಳವಿರಲಿಲ್ಲ: ಒಂದು ಬೀಟೆಯ ಬೀರು, ತಾಮ್ರದ ಪಾತ್ರೆಗಳು, ಪುಸ್ತಕ, ಎರಡು ಟ್ರಂಕು, ಮತ್ತು ಮರದ ಪೆಟ್ಟಿಗೆಯಲ್ಲಿ ಒಂದು ವೀಣೆ. ವೀಣೆ ಶೇಷಣ್ಣನವರ ಊರಿನಲ್ಲಿ ಮನೆಗೊಂದು ವೀಣೆಯಿದ್ದ ಕಾಲವೊಂದುಂಟು. ಆ ತಾಯಿಯವರೂ ಬಾಲ್ಯದಿಂದ ಕೊನೆಯ ವರ್ಷದವರೆಗೆ ನುಡಿಸಿದವರು.

ಆಕೆ ಎಂಟಡಿ ಚದರದ ಕೋಣೆಯನ್ನು ಕೇಳಿದರು. ನಾವು ಅವರಿಗೆ ಹಣ ಉಳಿಸಿಕೊಡಬೇಕೆಂಬ ಸದಾಶಯದಿಂದ, "ಐದಡಿಯದೇ ಸಾಕು ತಾಯಿ. ವೀಣೆಯ ಪೆಟ್ಟಿಗೆಯನ್ನು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದರಾಯಿತು, ಜಾಗ ಉಳಿಯುತ್ತದೆ" ಎಂದೆವು. ಆಕೆ ಮೇಲೆ ನೋಡಿ, "ಮೇಷ್ಟ್ರೇ, ತಗಡಿನ ಸೂರು. ಬೇಸಿಗೆಯಲ್ಲಿ ಬಿಸಿಯಾಗುವುದಿಲ್ಲವೆ?" ಎಂದರು. "ಗೋಡೆ ಎತ್ತರವಾಗಿದೆ, ಏನೂ ಆಗದು" ಎಂದು ಹೇಳಿ, ಉಪನಿಧಿಯ ಪ್ರಕರಣವನ್ನು ಅವರಿಗೂ ವಿವರಿಸಿದೆವು. ಆಕೆ ಶ್ರದ್ಧೆಯಿಂದ ಕೇಳಿದರು, ರುಜು ಹಾಕಿದರು, ಬೀಗ ಹಾಕಿ, ಅದನ್ನು ಎರಡು ಸಲ ಎಳೆದು ನೋಡಿ ಹೊರಟುಹೋದರು. ಹೀಗೆ ಹೇಳುವಾಗ ಆ ಸೂರಿನ ಕೆಳಗೆ ನಾವು ಒಂದು ಬೇಸಿಗೆಯನ್ನೂ ಕಳೆದಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಬೇಸಿಗೆ ಬಂದಿತು. ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಓಣಿಯಲ್ಲಿ ನಡೆದರೆ ಒಲೆಯ ಮುಂದೆ ನಡೆದಂತಾಗುತ್ತಿತ್ತು. ನಾವು ಏನು ಮಾಡಿದೆವು? ಕಚೇರಿಯ ಕೋಣೆಗೆ ಒಂದು ಫ್ಯಾನು ಹಾಕಿಸಿ, ಬೆಳಗ್ಗೆ ಮತ್ತು ಸಂಜೆ ಮಾತ್ರ ಬರತೊಡಗಿದೆವು. ಸೆಕೆಯನ್ನು ತಪ್ಪಿಸಿಕೊಳ್ಳುವುದು ನಮ್ಮ ಕಾಲುಗಳಿಗೆ ಸಾಧ್ಯವಿತ್ತು. ಬೀಗದ ಒಳಗಿದ್ದ ವಸ್ತುಗಳಿಗೆ ಸಾಧ್ಯವಿರಲಿಲ್ಲ. ಈ ಆಲೋಚನೆ ಆಗ ಬರಲಿಲ್ಲವೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಆಕೆ ಬಂದರು. ಬೀಗ ತೆಗೆದು, ಮೊದಲು ವೀಣೆಯ ಪೆಟ್ಟಿಗೆಯನ್ನೇ ಹೊರಗಿಡಿಸಿ ಮುಚ್ಚಳವನ್ನೆತ್ತಿದರು. ನಾವು ಹತ್ತಿರವೇ ನಿಂತಿದ್ದೆವು. ಹಲಸಿನ ಮರದ ಆ ವೀಣೆಗೆ ಬಿರುಕು ಬಿಟ್ಟಿರಲಿಲ್ಲ, ತಂತಿ ಕಡಿದಿರಲಿಲ್ಲ. ಆದರೆ ದಂಡಿಯ ಮೇಲಿನ ಮೇಳವೇ ಇಳಿದುಹೋಗಿತ್ತು. ತಿಳಿಯದವರಿಗಾಗಿ ಹೇಳುತ್ತೇವೆ: ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೊಳೆಯಿಂದ ಹೊಡೆದಿರುವುದಿಲ್ಲ, ಜೇನುಮೇಣಕ್ಕೆ ಇದ್ದಲಿನ ಪುಡಿಯನ್ನು ಕಲಸಿ ಮಾಡಿದ ಕಪ್ಪು ಮೇಣದಲ್ಲಿ, ಒಂದೊಂದನ್ನೂ ಶ್ರುತಿಗೆ ಕೇಳಿ ಕೇಳಿ ಕೂರಿಸಿರುತ್ತಾರೆ. ಜೇನುಮೇಣವು ಪೂರ್ತಿ ಕರಗುವುದಕ್ಕೆ 62 ಡಿಗ್ರಿಗೂ ಮಿಕ್ಕಿದ ಶಾಖ ಬೇಕಾದರೂ, ಮೆತ್ತಗಾಗುವುದಕ್ಕೆ ಅಷ್ಟು ಬೇಕಿಲ್ಲ. ಮಲಗಿಸಿದ್ದರೆ ಒಂದು ಪಕ್ಷ ಉಳಿಯುತ್ತಿತ್ತೇನೋ, ನಾವು ನಿಲ್ಲಿಸಿದ್ದೆವು. ಮೆತ್ತಗಾದ ಮೇಣವು ಬೇಸಿಗೆಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಜಾರಿ, ಮೆಟ್ಟಿಲುಗಳು ಒಂದರ ಮೇಲೊಂದು ಓರೆಯಾಗಿ, ಮಳೆಗಾಲದಲ್ಲಿ ಹಾಗೆಯೇ ಗಟ್ಟಿಯಾಗಿಬಿಟ್ಟಿದ್ದವು.

ಆಕೆ ಕೂಗಾಡಲಿಲ್ಲ. ಒಂದು ಮೆಟ್ಟಿಲನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ನಮ್ಮ ಮುಖವನ್ನು ನೋಡಿ, "ಬಿಸಿಯಾಗುವುದಿಲ್ಲ ಎಂದಿದ್ದಿರಿ" ಎಂದು ಮಾತ್ರ ಹೇಳಿದರು. ನಾವು ಒಡನೆ ಆಡಿದ ಮಾತು ಯಾವುದೆಂಬುದನ್ನು ಮರೆಮಾಚದೆ ಬರೆಯಬೇಕಾಗಿದೆ. "ಕರಾರಿನ ಆರನೆಯ ಕಲಮಿನಲ್ಲಿ..." ಎಂದು ತೊಡಗಿದೆವು. ಆಕೆ, "ಓದಿದ್ದೇನೆ ಮೇಷ್ಟ್ರೇ" ಎಂದು ಮುಚ್ಚಳವನ್ನು ಮುಚ್ಚಿದರು. ಆ ದಿನ ಏನನ್ನೂ ಒಯ್ಯದೆ, ನಾಳೆ ಬರುವುದಾಗಿ ಹೇಳಿ ಹೋದರು.

ರಾತ್ರಿ ನಮಗೆ ಊಟ ಸೇರಲಿಲ್ಲ. ಮಿತಾಕ್ಷರೆಯನ್ನು ಕೈಗೆತ್ತಿಕೊಂಡೆವು. ರಾಜನು ಒಯ್ದುದಲ್ಲ, ಕಳ್ಳನು ಒಯ್ದುದಲ್ಲ, ಬಿಸಿಲು ದೈವವೆ? ಬಿಸಿಲು ದೈವವಾದರೂ ತಗಡು ದೈವವಲ್ಲ. ಅಲ್ಲಿಯೇ ವಿಜ್ಞಾನೇಶ್ವರನು ಕಾತ್ಯಾಯನನ ಮತವೊಂದನ್ನು ಎತ್ತಿಕೊಟ್ಟಿದ್ದಾನೆ. ಇಟ್ಟುಕೊಂಡವನು ತಾನೇ ಉಪಭೋಗಿಸಿ ಕಳೆದರೆ ಬಡ್ಡಿಸಹಿತ ಕೊಡಬೇಕು. ಉಪೇಕ್ಷೆಯಿಂದ ಕೆಟ್ಟರೆ ಪೂರ್ಣಮೌಲ್ಯವನ್ನು ಕೊಡಬೇಕು. ಅಜ್ಞಾನದಿಂದ ಕೆಟ್ಟರೆ ಸ್ವಲ್ಪ ಕಡಿಮೆ ಕೊಟ್ಟರೂ ಸಾಕು ಎಂದು ಅದರ ತಾತ್ಪರ್ಯ. ನಮಗೆ ತುಸು ಉಸಿರು ಬಂದಿತು. ಮೇಣ ಜಾರುವುದೆಂದು ನಾವೇನು ಬಲ್ಲೆವು? ನಾವು ಸಂಗೀತಗಾರರೆ? ಇದು ಅಜ್ಞಾನವೇ ಸರಿ, ಅರ್ಧ ಖರ್ಚನ್ನು ಕೊಟ್ಟರೆ ಧರ್ಮಶಾಸ್ತ್ರಕ್ಕೂ ಸಮ್ಮತ, ಕರಾರಿಗಿಂತಲೂ ಉದಾರ ಎಂದು ನಿಶ್ಚಯಿಸಿ, ನಮ್ಮ ಮನೆಯಾಕೆಗೆ ಹೇಳಿದೆವು.

ಆಕೆ ಸಂಸ್ಕೃತ ಓದಿದವಳಲ್ಲ. ಒಲೆಯ ಕಟ್ಟೆಯನ್ನು ಒರೆಸುತ್ತಿದ್ದವಳು, "ಗಿರಣಿಯ ಮುದುಕ ಹೇಳಿರಲಿಲ್ಲವೆ?" ಎಂದಳು. ಹೇಳಿದ್ದನೆಂದೆವು. "ಆ ತಾಯಿ ಕೇಳಿರಲಿಲ್ಲವೆ?" ಕೇಳಿದ್ದರೆಂದೆವು. "ಅಂದಮೇಲೆ ನಿಮಗೆ ತಿಳಿಯದಿದ್ದುದಲ್ಲ, ತಿಳಿದುಕೊಳ್ಳದೆ ಇದ್ದುದು. ಅವೆರಡೂ ಒಂದೇ ಏನು? ನಿಮ್ಮ ತರಗತಿಯಲ್ಲಿ ಹುಡುಗ ಹೀಗೆ ಹೇಳಿದ್ದರೆ ಬಿಡುತ್ತಿದ್ದಿರಾ?" ಎಂದು ಕೇಳಿ, ಬಟ್ಟೆಯನ್ನು ಹಿಂಡಿ ಹಾಕಿ ಒಳಕ್ಕೆ ಹೋದಳು. ಅಜ್ಞಾನಕ್ಕೂ ಉಪೇಕ್ಷೆಗೂ ಇರುವ ಭೇದವನ್ನು ಇಷ್ಟು ಕಡಿಮೆ ಮಾತಿನಲ್ಲಿ ಯಾವ ವ್ಯಾಖ್ಯಾನಕಾರನೂ ನಮಗೆ ತಿಳಿಸಿರಲಿಲ್ಲ.

ಮರುದಿನ ಆಕೆ ಬಂದಾಗ ಕರಾರುಪತ್ರವನ್ನು ಮೇಜಿನ ಮೇಲಿನಿಂದ ತೆಗೆದಿಟ್ಟು, "ತಪ್ಪು ನಮ್ಮದು ತಾಯಿ. ನೀವು ಕೇಳಿದಿರಿ, ನಾವು ತಿಳಿಯದೆ ಉತ್ತರ ಹೇಳಿದೆವು. ನಿಲ್ಲಿಸಿಡಿರೆಂದವರೂ ನಾವೇ. ಮೇಳ ಕಟ್ಟಿಸುವ ಪೂರ್ತಿ ಖರ್ಚು ನಮ್ಮದು; ಈ ವರ್ಷದ ಬಾಡಿಗೆಯನ್ನೂ ಹಿಂದಿರುಗಿಸುತ್ತೇವೆ" ಎಂದೆವು. ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ಬಾಡಿಗೆಯ ಹಣವನ್ನು ತೆಗೆದುಕೊಳ್ಳಲಿಲ್ಲ. ಮೇಳ ಕಟ್ಟಿಸಲು ಒಪ್ಪಿದರು.

ಮೈಸೂರಿನಲ್ಲಿ ಆ ಕೆಲಸ ಬಲ್ಲ ಕುಶಲಿಗಳು ಇನ್ನೂ ಇದ್ದಾರೆ. ವಯಸ್ಸಾದ ಒಬ್ಬರ ಬಳಿಗೆ ವೀಣೆಯನ್ನು ಒಯ್ದೆವು. ಅವರು ಹಳೆಯ ಮೇಣವನ್ನೆಲ್ಲ ಬಿಡಿಸಿ ತೆಗೆದು, ಹೊಸ ಮೇಣವನ್ನು ಕಾಯಿಸಿ ಕಟ್ಟಿ, ಮೆಟ್ಟಿಲನ್ನು ಒಂದೊಂದಾಗಿ ಕೂರಿಸಿ, ತಂತಿ ಮೀಟಿ, ಮತ್ತೆ ಸರಿಸಿ, ಮತ್ತೆ ಮೀಟಿ ಕೆಲವು ದಿನ ಶ್ರಮಿಸಿದರು. ಕೆಲಸವು ನಿರ್ದುಷ್ಟವಾಗಿತ್ತು. ಆಕೆ ನುಡಿಸಿ ನೋಡಿ, ಶ್ರುತಿ ಶುದ್ಧವಾಗಿದೆಯೆಂದರು. ನಾವು ಸಮಾಧಾನಗೊಂಡು ಹೊರಡುವುದರಲ್ಲಿದ್ದಾಗ ಆಕೆ, ದೂರುವ ಧ್ವನಿಯಲ್ಲಲ್ಲ, ತಮಗೆ ತಾವೇ ಹೇಳಿಕೊಳ್ಳುವವರಂತೆ, "ಅಮ್ಮ ಗಾಂಧಾರದ ಮೆಟ್ಟಿಲನ್ನು ಕೂದಲೆಳೆಯಷ್ಟು ಕೆಳಗೆ ಕೂರಿಸಿಕೊಳ್ಳುತ್ತಿದ್ದಳು. ಅವಳ ಕಿವಿಗೆ ಹಾಗೇ ಬೇಕಿತ್ತು. ಈಗ ಸರಿಯಾದ ಜಾಗದಲ್ಲಿದೆ" ಎಂದರು.

ಆ ಮಾತು ನಮ್ಮಲ್ಲಿ ಈಗಲೂ ಉಳಿದಿದೆ. ಆ ತಾಯಿಯ ಕೈ ಹೋಗಿತ್ತು, ದನಿ ಹೋಗಿತ್ತು. ಕಿವಿಯೊಂದು ಆ ಕಪ್ಪು ಮೇಣದಲ್ಲಿ ಉಳಿದಿತ್ತು. ಮಗಳು ಅದನ್ನು ನಮ್ಮ ಸೂರಿನ ಕೆಳಗೆ ಇಟ್ಟುಹೋಗಿದ್ದಳು. ಪೂರ್ಣಮೌಲ್ಯವನ್ನು ಕೊಡತಕ್ಕದ್ದೆಂದು ಕಾತ್ಯಾಯನನು ವಿಧಿಸಿದನು, ಸರಿ. ಅದರ ಮೌಲ್ಯವೆಷ್ಟು? ಒಳಗೇನಿದೆಯೆಂದು ಹೇಳದೆ ಇಟ್ಟ ಪೆಟ್ಟಿಗೆಗೆ ಶಾಸ್ತ್ರಕಾರರು ಬೇರೆಯೇ ಒಂದು ಹೆಸರನ್ನಿಟ್ಟು ಅಷ್ಟು ಕಟ್ಟುನಿಟ್ಟು ಮಾಡಿದ್ದು ಏಕೆಂಬುದು ನಮಗೆ ಅಂದು ಅರ್ಥವಾಯಿತು. ಒಳಗಿರುವುದು ಏನೆಂದು ಇಟ್ಟುಕೊಂಡವನಿಗೆ ತಿಳಿಯದು. ತಿಳಿಯದಿರುವುದು ಹೊಣೆಯನ್ನು ತಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ.

ಆಮೇಲೆ ಮಾಡಿದುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಹೆಂಚನ್ನು ಮತ್ತೆ ಹೊದಿಸುವ ಶಕ್ತಿ ನಮಗಿರಲಿಲ್ಲ. ತಗಡಿನ ಮೇಲೆ ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿಯ ಬಣ್ಣವನ್ನು ಹೊಡೆಸಿದೆವು. ಕೆಳಗೆ ಶಾಖವನ್ನು ತಡೆಯುವ ಹಾಸನ್ನು ಬಿಗಿಸಿದೆವು. ಗಾಳಿಗೆ ತಾವಾಗಿಯೇ ತಿರುಗಿ ಒಳಗಿನ ಬಿಸಿಯನ್ನು ಹೊರಗೆ ಹಾಕುವ ಚಕ್ರಗಳನ್ನು ನೆತ್ತಿಯಲ್ಲಿ ಆರು ಕಡೆ ಇಡಿಸಿದೆವು. ಇದಕ್ಕೆ ಎರಡು ವರ್ಷದ ಲಾಭವೆಲ್ಲ ಹೋಯಿತು. ಬಣ್ಣ ಹೊಡೆಸುವ ಮುನ್ನ, ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ಆ ಐದಡಿಯ ಕೋಣೆಯಲ್ಲಿ ಉಷ್ಣಮಾಪಕವನ್ನಿಟ್ಟು ನೋಡಿದ್ದೆವು: 44 ಡಿಗ್ರಿ. 2024ರ ಏಪ್ರಿಲಿನಲ್ಲಿ ನಾಡೆಲ್ಲ ಬೇಗೆಯಿಂದ ಬೆಂದಾಗ ಅದೇ ಮೂಲೆಯಲ್ಲಿ 37ನ್ನು ದಾಟಲಿಲ್ಲ. ಕರಾರಿನ ಆರನೆಯ ಕಲಮನ್ನೂ ತಿದ್ದಿಸಿದೆವು. ಒಳಗಿನ ವಸ್ತುವಿಗೆ ವಿಮೆಯನ್ನು ಇಟ್ಟವರೇ ಮಾಡಿಸತಕ್ಕದ್ದು. ಆದರೆ ಸೂರು, ಗೋಡೆ, ನೆಲಗಳ ದೋಷದಿಂದಾದ ನಷ್ಟಕ್ಕೆ ನಾವು ಹೊಣೆ. ವಕೀಲರು ತಲೆಯಾಡಿಸಿದರು. "ನಿಮ್ಮ ಕಕ್ಷಿಗಾರರೆಲ್ಲ ಹೀಗಾದರೆ ನಮ್ಮ ಗತಿಯೇನು?" ಎಂದು ನಕ್ಕು, ಬರೆದುಕೊಟ್ಟರು. ಈಗ ಇಪ್ಪತ್ತೆರಡರಲ್ಲಿ ಹದಿನೇಳು ಕೋಣೆಗಳು ತುಂಬಿವೆ. ಸಂಸಾರಕ್ಕೆ ಸಾಕಾಗುವಷ್ಟು ಬರುತ್ತದೆ. ಅದಕ್ಕಿಂತ ಹೆಚ್ಚಿನದೇನೂ ಇಲ್ಲ.

ಇಂಥಲ್ಲಿ ಸಾಮಾನು ಇಡುವ ಗೃಹಸ್ಥರಿಗೆ ನಾಲ್ಕು ಮಾತು. ಮೊದಲು, ಇಡಬೇಕಾದುದು ಯಾವುದು ಎಂದು ಮನೆಯಲ್ಲಿಯೇ ವಿಚಾರ ಮಾಡಿರಿ. ಕೊಳ್ಳುವುದಕ್ಕಾಗುವ ವಸ್ತುವಿಗೆ ಎರಡು ವರ್ಷ ಬಾಡಿಗೆ ತೆತ್ತರೆ ಹೊಸದರ ಬೆಲೆಯೇ ಆದೀತು. ಎರಡನೆಯದಾಗಿ, ಇಡುವ ವಸ್ತುಗಳ ಪಟ್ಟಿಯನ್ನು ಬರೆದು, ಭಾವಚಿತ್ರ ತೆಗೆದಿಟ್ಟುಕೊಳ್ಳಿರಿ. ಮೂರನೆಯದಾಗಿ, ಬಟ್ಟೆ ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಉಸಿರು ಕಟ್ಟುವಂತೆ ಸುತ್ತಬೇಡಿರಿ, ಒಳಗಿನ ಪಸೆಯೇ ಬೂಷ್ಟು ಹಿಡಿಸುತ್ತದೆ. ಮಳೆಗಾಲ ಕಳೆದಮೇಲೆ ಒಂದು ಸಲವಾದರೂ ಬಂದು ಬಾಗಿಲು ತೆರೆದು ನೋಡಿರಿ. ನಾಲ್ಕನೆಯದಾಗಿ, ಮೇಣ, ಅಂಟು, ಬಣ್ಣಗಳಿಂದ ಮಾಡಿದ ವಸ್ತು, ವಾದ್ಯ, ಚಿತ್ರಪಟ, ಇವುಗಳಿದ್ದರೆ ಅದನ್ನು ಇಟ್ಟುಕೊಳ್ಳುವವನಿಗೆ ಬಾಯಿಬಿಟ್ಟು ಹೇಳಿರಿ. ಅವನು ಕೊಡುವ ಉತ್ತರವನ್ನು ನಂಬಿ ಕೂಡಬೇಡಿರಿ.

ಆ ಮಹಿಳೆ ವೀಣೆಯನ್ನು ಪುಣೆಗೆ ಒಯ್ದರು. ಬೀರು, ಪಾತ್ರೆ, ಟ್ರಂಕುಗಳನ್ನು ಮಾತ್ರ ಇನ್ನೂ ಕೆಲವು ಕಾಲ ಇಲ್ಲಿಯೇ ಇರಿಸುತ್ತೇನೆಂದು ಹೇಳಿ, ಮತ್ತೆ ಅದೇ ಕೋಣೆಗೆ ಬೀಗ ಹಾಕಿ, ಮೊದಲಿನಂತೆ ಎರಡು ಸಲ ಎಳೆದು ನೋಡಿ ಹೋದರು. ಅದು ಕ್ಷಮೆಯೋ, ಬೇರೆ ದಾರಿಯಿಲ್ಲದ ಅನುಕೂಲವೋ ನಾವು ಕೇಳಲಿಲ್ಲ. ಟ್ರಂಕಿನಲ್ಲಿ ಏನಿದೆಯೆಂಬುದೂ ನಮಗೆ ತಿಳಿಯದು.

ಇದನ್ನು ಓದಿದವರಲ್ಲಿ ಯಾರಾದರೂ ಇಂಥ ವ್ಯವಹಾರಕ್ಕೆ ಕೈಹಾಕುವುದಾದರೆ, ಮೊದಲು ಬೀಗವನ್ನು ಕೊಳ್ಳಲು ಹೋಗಬೇಡಿರಿ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಆ ಕಟ್ಟಡದೊಳಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಒಂದು ಗಂಟೆಯ ಕಾಲ ಸೂರಿನ ಕೆಳಗೆ ನಿಂತು ನೋಡಿರಿ. ನಾವು ಈಗ ಪ್ರತಿ ಬೇಸಿಗೆಯಲ್ಲಿಯೂ ಹಾಗೆ ಮಾಡುತ್ತಿದ್ದೇವೆ.